ಹಾಲೂಡಿಸುವ ತಾಯಿಗೆ ಫಿಸಿಯೋಥೆರಪಿ: ಕತ್ತುನೋವಿನಿಂದ ಹಾಲು ಕಟ್ಟುವವರೆಗೆ

ಹುಟ್ಟಿದ ಮೊದಲ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಸಲಕ್ಕೆ ಅರ್ಧ ಗಂಟೆ ಅಂತ ಲೆಕ್ಕ ಹಿಡಿದರೂ ದಿನಕ್ಕೆ 4ರಿಂದ 6 ಗಂಟೆ ಆಯಿತು. ಅಷ್ಟೂ ಹೊತ್ತು ತಾಯಿಯ ತಲೆ ಬಗ್ಗಿರುತ್ತದೆ, ಹೆಗಲು ಮುಂದಕ್ಕೆ ಕುಸಿದಿರುತ್ತದೆ, ಒಂದು ತೋಳಿನ ಮೇಲೆ 3 ಕಿಲೋ ಭಾರ ಇರುತ್ತದೆ. ಐದಾರು ತಿಂಗಳಾಗುವಷ್ಟರಲ್ಲಿ ಆ ಭಾರ ಇಮ್ಮಡಿಯಾಗುತ್ತದೆ. ಇದನ್ನೆಲ್ಲ ಹೊರುವ ದೇಹ ಈಗಷ್ಟೇ ಹೆರಿಗೆಯಿಂದ ಎದ್ದದ್ದು: ಹೊಟ್ಟೆಯ ಸ್ನಾಯು ತಿಂಗಳುಗಟ್ಟಲೆ ಹಿಗ್ಗಿ ಸೋತಿವೆ, ಎಲ್ಲೋ ಒಂದು ಕಡೆ ಹೊಲಿಗೆ ಇದೆ, ನಿದ್ದೆ ಇಲ್ಲ.

ಹೀಗಿರುವಾಗ ಕತ್ತು, ಬೆನ್ನು, ಮಣಿಕಟ್ಟು ನೋಯುವುದು ಅಚ್ಚರಿಯಲ್ಲ. ಆದರೆ 'ಬಾಣಂತಿಗೆ ನೋವು ಇದ್ದದ್ದೇ, ಸಹಿಸಿಕೋ' ಅನ್ನುವ ಮಾತು ಮಾತ್ರ ಸರಿಯಲ್ಲ. ಈ ನೋವುಗಳಿಗೆ ಹೆಚ್ಚಿನ ಸಲ ಬೆರಳಿಟ್ಟು ತೋರಿಸಬಹುದಾದ ಕಾರಣ ಇರುತ್ತದೆ. ತಗ್ಗಾದ ದಿಂಬು, ಮಡಚಿದ ಮಣಿಕಟ್ಟು, ಗಟ್ಟಿಯಾಗಿ ಒತ್ತಿ ಊದಿಸಿಕೊಂಡ ಸ್ತನ, ಒಂದೇ ಕಡೆ ತಿರುಗುವ ಮಗುವಿನ ಕತ್ತು. ಕಾರಣ ಸರಿಹೋದರೆ ನೋವೂ ಇಳಿಯುತ್ತದೆ. ಹಾಲು ಸುರಿಯಲು ಬೇಕಾದ ಆಕ್ಸಿಟೋಸಿನ್ ಹಾರ್ಮೋನು ನೋವು ಮತ್ತು ಉದ್ವೇಗದಲ್ಲಿ ಸರಾಗವಾಗಿ ಬಿಡುಗಡೆಯಾಗುವುದಿಲ್ಲ. ಹಾಗಾಗಿ ತಾಯಿಯ ನೋವು ಇಳಿಸುವುದು ಮಗುವಿನ ಹೊಟ್ಟೆಗೂ ಸೇರಿದ ವಿಷಯ.

ಮೊದಲು ಒಂದು ದಿನ ಗಮನಿಸಿ

ಯಾವ ವ್ಯಾಯಾಮಕ್ಕೂ ಮೊದಲು ಒಂದು ಹಗಲು, ಒಂದು ರಾತ್ರಿ ಮೂರು ವಿಷಯ ಬರೆದಿಡಿ: ನೋವು ಎಲ್ಲಿ, ಹಾಲೂಡಿಸಲು ಶುರು ಮಾಡಿ ಎಷ್ಟು ನಿಮಿಷಕ್ಕೆ ಬರುತ್ತದೆ, ಯಾವ ಕಡೆಯಿಂದ ಕುಡಿಸುವಾಗ ಹೆಚ್ಚು.

ಮಗು ಬಾಯಿ ಹಾಕಿದ ಕೂಡಲೇ ಮೊಲೆತೊಟ್ಟಿನಲ್ಲಿ ಚುಚ್ಚಿದಂತಾಗಿ ಕೊನೆಯವರೆಗೂ ಉಳಿದರೆ, ಮಗು ಕಚ್ಚಿಹಿಡಿದ ರೀತಿ ನೋಡಬೇಕು. ಹತ್ತು ಹದಿನೈದು ನಿಮಿಷದ ಮೇಲೆ ಕತ್ತು ಅಥವಾ ರೆಕ್ಕೆಮೂಳೆಗಳ ನಡುವೆ ಉರಿ ಶುರುವಾದರೆ ತಪ್ಪು ಕೂರುವ ರೀತಿಯಲ್ಲಿದೆ. ಹಾಲೂಡಿಸದ ಹೊತ್ತಿನಲ್ಲೂ, ಮಗುವನ್ನು ಎತ್ತುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ ನೋವು ಬಂದರೆ ಸ್ನಾಯು ಅಥವಾ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಆಗಲೇ ಊದಿಕೊಂಡಿದೆ. ಅದಕ್ಕೆ ಭಂಗಿ ತಿದ್ದಿದರೆ ಸಾಲದು, ಚಿಕಿತ್ಸೆಯೂ ಬೇಕು.

ಕೂರುವ ರೀತಿ: ಮಗುವನ್ನು ಎದೆಗೆ ತನ್ನಿ

ಎದೆಯನ್ನು ಮಗುವಿನ ಬಾಯಿಗೆ ಒಯ್ಯಲು ಬಾಗಿದ ತಾಯಿ ಮುಂದಿನ ಅರ್ಧ ಗಂಟೆ ಬಾಗಿಯೇ ಇರುತ್ತಾಳೆ. ಕೆಳಗಿನ ಕ್ರಮ ಮೊದಲ ಎರಡು ದಿನ ದೊಡ್ಡ ರಗಳೆ ಅನ್ನಿಸುತ್ತದೆ. ಮೂರನೆಯ ದಿನಕ್ಕೆ ಕೈ ತಾನಾಗಿ ಮಾಡುತ್ತದೆ.

1. ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಲಿ. ತಾಗದಿದ್ದರೆ 15ರಿಂದ 20 ಸೆಂಟಿಮೀಟರ್ ಎತ್ತರದ ಮಣೆ ಅಥವಾ ಗಟ್ಟಿ ಪೆಟ್ಟಿಗೆ ಇಡಿ. ಮಂಡಿ ಸೊಂಟಕ್ಕಿಂತ ತಗ್ಗಿನಲ್ಲಿದ್ದರೆ ಮಗು ತೊಡೆಯ ಮೇಲಿಂದ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯಲು ನಿಮ್ಮ ಹೆಗಲು ದುಡಿಯುತ್ತದೆ.

2. ಪೃಷ್ಠವನ್ನು ಕುರ್ಚಿಯ ಹಿಂಬದಿಗೆ ಪೂರ್ತಿ ಸರಿಸಿ. ಸೊಂಟದ ಒಳಬಾಗಿದ ಜಾಗಕ್ಕೆ ಸುರುಳಿ ಸುತ್ತಿದ ಟವೆಲ್ ಇಡಿ. ಮೆತ್ತನೆಯ ಸೋಫಾ ಆರಾಮವೆನಿಸಿದರೂ ಸೊಂಟವನ್ನು ಒಳಕ್ಕೆ ನುಂಗುತ್ತದೆ.

3. ಮಗುವಿನ ಮೂಗು ನಿಮ್ಮ ಮೊಲೆತೊಟ್ಟಿನ ಎತ್ತರಕ್ಕೆ ಬರುವವರೆಗೆ ಮಡಿಲಲ್ಲಿ ದಿಂಬು ಪೇರಿಸಿ. ಸಾಮಾನ್ಯವಾಗಿ ಒಂದು ದಿಂಬು ಸಾಕಾಗುವುದಿಲ್ಲ.

4. ಮಗುವನ್ನು ಹಿಡಿದ ಕೈಯ ಮೊಣಕೈಗೂ ಆಸರೆ ಕೊಡಿ. ಇದನ್ನೇ ಹೆಚ್ಚಿನವರು ಮರೆಯುವುದು. ಮೊಣಕೈ ಗಾಳಿಯಲ್ಲಿ ತೂಗಿದರೆ ಕತ್ತಿನಿಂದ ಹೆಗಲಿಗೆ ಇಳಿಯುವ ಸ್ನಾಯು ಇಡೀ ತೋಳನ್ನು ಹೊರಬೇಕಾಗುತ್ತದೆ.

5. ಮಗುವಿನ ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿರಲಿ, ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಕತ್ತು ತಿರುಗಿಸಿಕೊಂಡು ನುಂಗುವುದು ದೊಡ್ಡವರಿಗೂ ಕಷ್ಟ.

6. ಬಾಯಿ ಅಗಲವಾಗಿ ತೆರೆದಾಗ, ಗಲ್ಲ ಮೊದಲು ಸ್ತನಕ್ಕೆ ತಾಗುವಂತೆ ಮಗುವನ್ನು ಹತ್ತಿರ ಎಳೆದುಕೊಳ್ಳಿ. ಕಚ್ಚಿಹಿಡಿದ ಮೇಲೆ ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಕಡೆ ಹೆಚ್ಚು, ಕೆಳತುಟಿಯ ಕಡೆ ಕಡಿಮೆ ಕಾಣಬೇಕು.

7. ಮಗು ನುಂಗಲು ಶುರು ಮಾಡಿದ ಮೇಲೆ ಹಿಂದಕ್ಕೆ ಒರಗಿ, ಹೆಗಲನ್ನು ಕಿವಿಯಿಂದ ಕೆಳಕ್ಕೆ ಇಳಿಬಿಡಿ. ಮಗುವಿನ ಮುಖ ನೋಡುತ್ತಾ ಇಡೀ ಹೊತ್ತು ತಲೆ ಬಗ್ಗಿಸಿರುವುದು ಎಷ್ಟು ಸಹಜವೋ ಕತ್ತಿಗೆ ಅಷ್ಟೇ ಭಾರ. ಆಗಾಗ ತಲೆಯೆತ್ತಿ ಎದುರಿನ ಗೋಡೆ ನೋಡಿ.

ಸರಿಯಾಯಿತೇ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಕೈಯನ್ನು ಮಗುವಿಗೆ ತಾಗಿಸಿಯೇ ಇಟ್ಟು, ತೋಳಿನ ಬಿಗಿಯನ್ನು ಮಾತ್ರ ಮೆಲ್ಲಗೆ ಸಡಿಲಿಸಿ. ಮಗು ಇದ್ದಲ್ಲೇ ಇದ್ದರೆ ಭಾರ ದಿಂಬಿನ ಮೇಲಿದೆ. ಕೆಳಕ್ಕೆ ಸರಿದರೆ ಇಷ್ಟು ದಿನವೂ ಹೊತ್ತಿದ್ದು ನಿಮ್ಮ ತೋಳು. ಹತ್ತಿಯ ದಿಂಬು ಹತ್ತು ನಿಮಿಷಕ್ಕೆ ಚಪ್ಪಟೆಯಾಗುವುದರಿಂದ ಈ ಪರೀಕ್ಷೆಯನ್ನು ನಡುವೆ ಇನ್ನೊಮ್ಮೆ ಮಾಡಿ. ಹಾಲೂಡಿಸಲೆಂದೇ ಮಾರುವ ಅರ್ಧಚಂದ್ರದ ದಿಂಬು ಎಲ್ಲರಿಗೂ ಹೊಂದುವುದಿಲ್ಲ. ಮುಂಡ ಉದ್ದವಿರುವವರಿಗೆ ಅದು ತಗ್ಗಾಗುತ್ತದೆ, ಗಿಡ್ಡವಿರುವವರಿಗೆ ಎತ್ತರವಾಗಿ ಹೆಗಲನ್ನು ಮೇಲಕ್ಕೆ ತಳ್ಳುತ್ತದೆ.

ಒಂದೇ ಭಂಗಿಗೆ ಅಂಟಿಕೊಳ್ಳಬೇಡಿ. ದಿಂಬುಗಳಿಗೆ ಸುಮಾರು 45 ಡಿಗ್ರಿ ಒರಗಿ ಮಗುವನ್ನು ಎದೆಯ ಮೇಲೆ ಬೋರಲಾಗಿ ಮಲಗಿಸಿಕೊಂಡರೆ ಕತ್ತು, ತೋಳು ಎರಡಕ್ಕೂ ಬಿಡುವು ಸಿಗುತ್ತದೆ. ಹಾಲು ರಭಸವಾಗಿ ಬಂದು ಮಗು ಕೆಮ್ಮುವ ತಾಯಂದಿರಿಗೂ ಇದು ಅನುಕೂಲ. ಸಿಸೇರಿಯನ್ ಆದವರು ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂಬದಿಗೆ ಹೋಗುವಂತೆ ಪಕ್ಕದಲ್ಲಿ ಹಿಡಿದರೆ ಹೊಲಿಗೆಯ ಮೇಲೆ ಭಾರ ಬೀಳದು. ಮಗ್ಗುಲಲ್ಲಿ ಮಲಗಿ ಕುಡಿಸುವವರು ಮಂಡಿಗಳ ನಡುವೆ ಒಂದು, ಬೆನ್ನ ಹಿಂದೆ ಒಂದು ದಿಂಬು ಇಡಬೇಕು. ತಲೆದಿಂಬು ಕತ್ತನ್ನು ಬೆನ್ನಿನ ಗೆರೆಯಲ್ಲೇ ಇಡುವಷ್ಟು ಎತ್ತರವಿರಲಿ, ಮಗುವಿನ ಮುಖದ ಹತ್ತಿರ ದಿಂಬು, ಹೊದಿಕೆ ಬರದಿರಲಿ. ಒಂದು ಎಚ್ಚರ: ಕುಡಿಸುತ್ತಾ ಸೋಫಾದಲ್ಲಿ, ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗುವುದು ಮಗುವಿಗೆ ನಿಜವಾದ ಅಪಾಯ. ತೂಕಡಿಕೆ ಬರುವ ಹೊತ್ತಿನಲ್ಲಿ ಅಲ್ಲಿ ಕೂರಲೇಬೇಡಿ.

ಕೆಳಗೆ ಹೊಲಿಗೆ ಇದ್ದು ಕೂರಲು ನೋವಾಗುವವರು ಎರಡು ಟವೆಲ್‌ಗಳನ್ನು ಉದ್ದಕ್ಕೆ ಸುತ್ತಿ, ಎರಡು ತೊಡೆಗಳ ಕೆಳಗೆ ಒಂದೊಂದಿಟ್ಟು, ನಡುವಿನ ಜಾಗ ತೇಲುವಂತೆ ಕೂರಬಹುದು. ಬಾಲಮೂಳೆ ನೋವಿದ್ದರೆ ಹಿಂಬದಿಯಲ್ಲಿ ಕತ್ತರಿಸಿ ತೆಗೆದ ಗಟ್ಟಿ ಕುಶನ್ ಬಳಸಿ.

ಕತ್ತು, ಹೆಗಲು, ನಡುಬೆನ್ನು: ನಾಲ್ಕು ವ್ಯಾಯಾಮ

ಮುಂದಕ್ಕೆ ಬಾಗಿ ಬಾಗಿ ಎದೆಯ ಸ್ನಾಯು ಗಿಡ್ಡವಾಗುತ್ತದೆ, ರೆಕ್ಕೆಮೂಳೆಗಳ ನಡುವಿನ ಸ್ನಾಯು ಹಿಗ್ಗಿ ಸುಸ್ತಾಗುತ್ತದೆ, ನಡುಬೆನ್ನಿನ ಕೀಲುಗಳು ಬಿಗಿಯುತ್ತವೆ. ನೋವು ಬರುವುದು ಬೆನ್ನಿನಲ್ಲಿ, ಬಿಗಿ ಇರುವುದು ಎದೆಯಲ್ಲಿ. ಬರೀ ಬೆನ್ನು ತಿಕ್ಕಿಸಿಕೊಂಡವರಿಗೆ ಮರುದಿನವೇ ನೋವು ಮರಳುವುದು ಇದರಿಂದಲೇ.

ಗಲ್ಲ ಹಿಂದಕ್ಕೆ: ನೇರ ಕೂತು, ತಲೆ ಮೇಲೆ ಕೆಳಗೆ ಮಾಡದೆ, ಗಲ್ಲವನ್ನು ಗಂಟಲ ಕಡೆಗೆ ಹಿಂದಕ್ಕೆ ಸರಿಸಿ. 5 ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ತಲೆ ಬಗ್ಗಿಸಿದರೆ ವ್ಯಾಯಾಮ ಕೆಟ್ಟಂತೆ.

ರೆಕ್ಕೆಮೂಳೆ: ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ತನ್ನಿ. ಪ್ಯಾಂಟಿನ ಹಿಂಜೇಬಿಗೆ ಇಳಿಸಿದ ಹಾಗೆ ಎಂದುಕೊಳ್ಳಿ. 5 ಸೆಕೆಂಡ್, ಹತ್ತು ಸಲ. ಹೆಗಲು ಕಿವಿಯ ಕಡೆ ಏರಿದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ.

ಬಾಗಿಲ ಚೌಕಟ್ಟು: ಮುಂದೋಳನ್ನು ಚೌಕಟ್ಟಿಗೆ ಒತ್ತಿ, ಮೊಣಕೈ ಹೆಗಲಿಗಿಂತ ತುಸು ಕೆಳಗಿರುವಂತೆ ನಿಂತು, ಒಂದು ಹೆಜ್ಜೆ ಮುಂದಿಡಿ. ಎದೆಯ ಮುಂಭಾಗದಲ್ಲಿ ಹಿತವಾದ ಎಳೆತ ಬರಬೇಕು, ಹೆಗಲ ಕೀಲಿನಲ್ಲಿ ನೋವಲ್ಲ. 30 ಸೆಕೆಂಡ್, ಒಂದೊಂದು ಕಡೆಗೆ ಎರಡೆರಡು ಸಲ. ಸ್ತನ ತುಂಬಿದ್ದಾಗ ಬೇಡ, ಕುಡಿಸಿದ ಮೇಲೆ ಮಾಡಿ.

ಟವೆಲ್ ಸುರುಳಿ: ಟವೆಲನ್ನು 8ರಿಂದ 10 ಸೆಂಟಿಮೀಟರ್ ದಪ್ಪ ಸುತ್ತಿ, ರೆಕ್ಕೆಮೂಳೆಗಳ ಕೆಳ ಅಂಚಿನ ಮಟ್ಟದಲ್ಲಿ ಬೆನ್ನಿಗೆ ಅಡ್ಡವಾಗಿಟ್ಟು ಅದರ ಮೇಲೆ ಅಂಗಾತ ಮಲಗಿ. ಮಂಡಿ ಮಡಚಿರಲಿ, ತಲೆಗೆ ಚಿಕ್ಕ ದಿಂಬಿರಲಿ. ಐದು ನಿಧಾನ ಉಸಿರು, ಆಮೇಲೆ ಸುರುಳಿಯನ್ನು ಎರಡು ಬೆರಳಷ್ಟು ಮೇಲಕ್ಕೆ ಸರಿಸಿ ಮತ್ತೆ ಐದು. ಸಿಸೇರಿಯನ್ ಹೊಲಿಗೆ ಎಳೆದಂತಾದರೆ ಇನ್ನೂ ಕಾಯಿರಿ.

ನಾಲ್ಕನ್ನೂ ಒಟ್ಟಿಗೆ ಮಾಡಲು ಹೊತ್ತು ಹುಡುಕುತ್ತಾ ಕೂತರೆ ಹೊತ್ತು ಸಿಗುವುದೇ ಇಲ್ಲ. ಪ್ರತಿ ಸಲ ಕುಡಿಸಿದ ಮೇಲೆ ಒಂದೇ ಒಂದು ಮಾಡಿ. ದಿನಕ್ಕೆ ಎಂಟು ಸಲ ಕುಡಿಸಿದರೆ ನಾಲ್ಕೂ ಎರಡೆರಡು ಸಲ ಆಗುತ್ತವೆ. ಬಸಿರಿನಲ್ಲಿ ಸಡಿಲವಾದ ಕೀಲುಗಳ ಕಟ್ಟು ಬಿಗಿಯಾಗಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಯಾವ ಎಳೆತವನ್ನೂ ಕೊನೆಯ ಅಂಚಿಗೆ ಒಯ್ಯಬೇಡಿ. ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ, ಇಲ್ಲವೇ ತೋಳಿಗೆ ಜೋಮು ಇಳಿದರೆ, ಫಿಸಿಯೋಥೆರಪಿಸ್ಟ್ ಕತ್ತು ಮತ್ತು ನಡುಬೆನ್ನಿನ ಕೀಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬಿಗಿದವನ್ನು ಕೈಯಿಂದ ಸಡಿಲಿಸುತ್ತಾರೆ.

ಹೆಬ್ಬೆರಳಿನ ಬುಡದ ನೋವು

ಮಗುವನ್ನು ಎತ್ತುವಾಗ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಮೇಲಕ್ಕೆ ಕತ್ತಿ ಆಡಿಸಿದಂತೆ ನೋವು ಬಂದರೆ ಅದು ಹೆಚ್ಚಾಗಿ ಡಿ ಕ್ವೆರ್ವೇನ್ ಉರಿಯೂತ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯನ ಹೆಸರೇ ಇದಕ್ಕಿದೆ. ಹೆಬ್ಬೆರಳನ್ನು ಹೊರಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗದೊಳಗೆ ಓಡಾಡುತ್ತವೆ. ಆ ಸುರಂಗದ ಗೋಡೆ ದಪ್ಪವಾದಾಗ ಪ್ರತಿ ಚಲನೆಗೂ ಉಜ್ಜುತ್ತದೆ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಹೀಗೆ ಮಾಡಿದರೆ ಆರೋಗ್ಯವಂತರಿಗೂ ಒಂಚೂರು ಎಳೆಯುತ್ತದೆ. ಹಾಗಾಗಿ ಎರಡೂ ಕೈ ಹೋಲಿಸಿ. ಒಂದರಲ್ಲಿ ಮಾತ್ರ ಚುರುಕ್ ಎಂದರೆ ಅನುಮಾನ ಗಟ್ಟಿ.

ಮೂಲ ಕಾರಣ ಎತ್ತುವ ರೀತಿ. ಹೆಬ್ಬೆರಳನ್ನು ಅಗಲಿಸಿ, ಎರಡೂ ಕಂಕುಳಿಗೆ ಕೈ ಕೊಟ್ಟು ಮಗುವನ್ನು ಮೇಲೆತ್ತುವಾಗ ಇಡೀ ಭಾರ ಆ ಎರಡು ರಜ್ಜುಗಳ ಮೇಲೆ ಬೀಳುತ್ತದೆ. ಬದಲಿಗೆ ಅಂಗೈ ಮೇಲ್ಮುಖ ಮಾಡಿ, ಒಂದು ಕೈ ಮಗುವಿನ ತಲೆ ಮತ್ತು ಹೆಗಲ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಹಾಕಿ, ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಸೇರಿಸಿಕೊಂಡು, ಮಗುವನ್ನು ಮೊದಲು ಎದೆಗೆ ತಂದು ಆಮೇಲೆ ಎದ್ದೇಳಿ. ಕುಡಿಸುವಾಗ ಮಗುವಿನ ತಲೆಯ ಕೆಳಗೆ ಮಣಿಕಟ್ಟನ್ನು ಕೊಕ್ಕೆಯ ಹಾಗೆ ಮಡಚಬೇಡಿ. ತಲೆಯ ಭಾರ ಮುಂದೋಳಿನ ಮೇಲೆ ಬರಲಿ, ಮಣಿಕಟ್ಟು ನೇರವಿರಲಿ.

ಸ್ಪ್ಲಿಂಟ್ ಕೊಳ್ಳುವಾಗ ಹೆಬ್ಬೆರಳನ್ನೂ ಹಿಡಿದಿಡುವಂಥದ್ದನ್ನೇ ಕೇಳಿ. ಬರೀ ಮಣಿಕಟ್ಟಿಗೆ ಸುತ್ತುವ ಪಟ್ಟಿ ಇದಕ್ಕೆ ಉಪಯೋಗವಿಲ್ಲ. ಮೂರರಿಂದ ಆರು ವಾರ ಹಾಕಿಕೊಳ್ಳಬೇಕಾಗಬಹುದು. ದಿನಕ್ಕೆ ಮೂರು ನಾಲ್ಕು ಸಲ ಬಿಚ್ಚಿ ನೋವಿಲ್ಲದಷ್ಟು ಆಡಿಸಿ, ಇಲ್ಲದಿದ್ದರೆ ಹೆಬ್ಬೆರಳು ಬಿಗಿದುಕೊಳ್ಳುತ್ತದೆ. ನೋವು ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ಹೆಬ್ಬೆರಳಿಗೆ ಹಂತಹಂತವಾಗಿ ಭಾರ ಕೊಡಲು ಶುರು ಮಾಡುತ್ತಾರೆ. ಆರು ವಾರಕ್ಕೂ ಬಗ್ಗದ ನೋವಿಗೆ ವೈದ್ಯರು ಸ್ಟೆರಾಯ್ಡ್ ಚುಚ್ಚುಮದ್ದು ಸೂಚಿಸಬಹುದು. ಹಾಲೂಡಿಸುತ್ತಿರುವುದನ್ನು ಅವರಿಗೆ ಮೊದಲೇ ಹೇಳಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಅದು ಬೇರೆ ತೊಂದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್. ಮಣಿಕಟ್ಟನ್ನು ನೇರ ಇಡುವ ಸ್ಪ್ಲಿಂಟನ್ನು ರಾತ್ರಿ ಹಾಕಿಕೊಂಡು ಮಲಗಿದರೆ ಹೆಚ್ಚಿನವರಿಗೆ ಆರಾಮ ಸಿಗುತ್ತದೆ.

ಹಾಲು ಕಟ್ಟಿದಾಗ: ಒತ್ತಬೇಡಿ

ಸ್ತನದಲ್ಲಿ ಗಂಟು ಕಟ್ಟಿದಾಗ ಬಿಸಿ ಶಾಖ ಕೊಡಿ, ಗಟ್ಟಿಯಾಗಿ ಒತ್ತಿ ತಿಕ್ಕಿ, ಪೂರ್ತಿ ಖಾಲಿ ಮಾಡಿ ಅನ್ನುವ ಸಲಹೆ ಬಹಳ ಕಾಲ ನಡೆಯಿತು, ಈಗಲೂ ನಡೆಯುತ್ತಿದೆ. 2022ರಲ್ಲಿ ವೈದ್ಯರ ಸಂಘಟನೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಹೊರಡಿಸಿದ ಮಾರ್ಗಸೂಚಿ ಈ ಮೂರನ್ನೂ ತಿದ್ದಿತು. ಇದು ಎಲ್ಲ ತಾಯಂದಿರಿಗೂ ಮುಟ್ಟಬೇಕಾದ ಬದಲಾವಣೆ.

ನಾಳದೊಳಗೆ ಹಾಲಿನ ಗಟ್ಟಿ ಬಿರಡೆಯೊಂದು ಸಿಕ್ಕಿಕೊಂಡಿದೆ, ತಳ್ಳಿದರೆ ಹೊರಬರುತ್ತದೆ ಎಂಬುದು ಹಳೆಯ ಕಲ್ಪನೆ. ನಿಜದಲ್ಲಿ ನಡೆಯುವುದು ಹೊರಗಿನ ಒತ್ತಡ. ನಾಳಗಳ ಸುತ್ತಲ ಅಂಗಾಂಶ ಊದಿಕೊಂಡು ಅವನ್ನು ಹೊರಗಿನಿಂದ ಹಿಸುಕುತ್ತದೆ. ಗಟ್ಟಿಯಾಗಿ ತಿಕ್ಕಿದರೆ ಚಿಕ್ಕ ರಕ್ತನಾಳಗಳಿಗೆ ಪೆಟ್ಟಾಗಿ ಊತ ಇನ್ನೂ ಹೆಚ್ಚುತ್ತದೆ. ಮತ್ತೆ ಮತ್ತೆ ಪಂಪ್ ಮಾಡಿ ಖಾಲಿ ಮಾಡಿದರೆ ದೇಹ 'ಬೇಡಿಕೆ ಹೆಚ್ಚಿದೆ' ಎಂದುಕೊಂಡು ಇನ್ನಷ್ಟು ಹಾಲು ತಯಾರಿಸುತ್ತದೆ. ಹಾಗಾಗಿ ಕೆಲಸ ಇರುವುದು ಊತ ಇಳಿಸುವುದರಲ್ಲಿ.

ಆ ಕಡೆಯ ಸ್ತನದಿಂದ ಕುಡಿಸುವುದನ್ನು ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ. ಮಗು ಕೇಳಿದಾಗ, ಕೇಳಿದಷ್ಟು.

ದುಗ್ಧರಸವನ್ನು (ಲಿಂಫ್: ಅಂಗಾಂಶಗಳಿಂದ ಬಸಿದು ಹೋಗುವ ತಿಳಿದ್ರವ, ಹಾಲಲ್ಲ) ಹರಿಯಬಿಡುವ ಹಗುರ ನೇವರಿಕೆಯನ್ನು ಫಿಸಿಯೋಥೆರಪಿಸ್ಟ್ ಒಂದೇ ಭೇಟಿಯಲ್ಲಿ ಕಲಿಸಬಲ್ಲರು. ಹಿಂದಕ್ಕೆ ಒರಗಿ ಕೂತುಕೊಳ್ಳಿ. ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳ ತುದಿಯಿಂದ ಹತ್ತು ಸಣ್ಣ ಸುತ್ತು ಹಾಕಿ. ಆಮೇಲೆ ಕಂಕುಳಲ್ಲಿ ಹತ್ತು. ಆಮೇಲೆ ಮೊಲೆತೊಟ್ಟಿನ ಕಡೆಯಿಂದ ಕಂಕುಳಿಗೆ ಮತ್ತು ಕೊರಳೆಲುಬಿಗೆ ಅಂಗೈಯಿಂದ ನೇವರಿಸಿ. ಈ ಕ್ರಮಕ್ಕೆ ಅರ್ಥವಿದೆ: ಮುಂದಿನ ದಾರಿ ತೆರವಾದರೆ ಹಿಂದಿನದು ಹರಿಯುತ್ತದೆ, ಸ್ತನದ ದುಗ್ಧರಸದ ಬಹುಪಾಲು ಹೋಗುವುದೇ ಕಂಕುಳಿಗೆ. ಒತ್ತಡ ಬೆಕ್ಕಿನ ಮೈ ಸವರುವಷ್ಟು ಮಾತ್ರ. ಚರ್ಮ ಸರಿದರೆ ಸಾಕು, ಒಳಗಿನ ಗಂಟು ಕೈಗೆ ಸಿಕ್ಕಿತೆಂದರೆ ಒತ್ತು ಜಾಸ್ತಿಯಾಯಿತು. ಕಂಪಿಸುವ ಮಸಾಜ್ ಸಾಧನ, ಎಲೆಕ್ಟ್ರಿಕ್ ಬ್ರಷ್ ಇವೂ ಬೇಡ.

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣನೆಯ ಪ್ಯಾಕನ್ನು 10ರಿಂದ 15 ನಿಮಿಷ ಇಟ್ಟು ತೆಗೆಯಿರಿ, ಬೇಕಾದರೆ ಗಂಟೆ ಬಿಟ್ಟು ಮತ್ತೆ ಇಡಿ. ಬಿಸಿ ಕೆಲವರಿಗೆ ಹಿತವೆನಿಸುತ್ತದೆ, ಆದರೆ ಊತ ಇಳಿಸುವುದು ತಂಪು. ಉರಿಯೂತ ಇಳಿಸುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಬ್ರಾ ಆಸರೆ ಕೊಡಲಿ, ಆದರೆ ಬಿಚ್ಚಿದಾಗ ಚರ್ಮದ ಮೇಲೆ ಆಳದ ಗೆರೆ ಉಳಿಯುವಷ್ಟು ಬಿಗಿ ಇರಕೂಡದು.

ಹೆರಿಗೆಯಾದ ಮೂರು ನಾಲ್ಕನೆಯ ದಿನ ಎದೆ ಕಲ್ಲಿನಂತಾಗಿ ಮಗುವಿಗೆ ಬಾಯಿ ಹಾಕಲು ಹಿಡಿತವೇ ಸಿಗದಿದ್ದರೆ, ಎರಡೂ ಕೈಯ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ನೇರ ಒಳಕ್ಕೆ, ಪಕ್ಕೆಲುಬಿನ ಕಡೆಗೆ, ನೋಯದಷ್ಟು ಒತ್ತಿ ಒಂದು ನಿಮಿಷ ಹಿಡಿಯಿರಿ. ತೊಟ್ಟಿನ ಸುತ್ತಲ ನೀರು ಹಿಂದಕ್ಕೆ ಸರಿದು ಆ ಜಾಗ ಮೆತ್ತಗಾಗುತ್ತದೆ. ತಕ್ಷಣ ಮಗುವಿಗೆ ಬಾಯಿ ಹಾಕಿಸಿ, ತಡ ಮಾಡಿದರೆ ನೀರು ಮರಳುತ್ತದೆ. ಅಂಗಾತ ಒರಗಿ ಮಾಡಿದರೆ ಪರಿಣಾಮ ಹೆಚ್ಚು ಹೊತ್ತು ನಿಲ್ಲುತ್ತದೆ. ಒತ್ತಬೇಡಿ ಎಂದು ಹೇಳಿ ಇಲ್ಲಿ ಒತ್ತಲು ಹೇಳುತ್ತಿದ್ದೇವೆ ನಿಜ. ಈ ಒತ್ತು ಕದಲದೆ ಒಂದೇ ಕಡೆ ನಿಲ್ಲುವಂಥದ್ದು, ತಿಕ್ಕುವಂಥದ್ದಲ್ಲ.

ಇಷ್ಟಕ್ಕೂ ಗಂಟು ಕರಗದಿದ್ದರೆ ಫಿಸಿಯೋಥೆರಪಿಯಲ್ಲಿ ಚಿಕಿತ್ಸೆಯ ಅಲ್ಟ್ರಾಸೌಂಡ್ ಇದೆ. ಸ್ಕ್ಯಾನಿಂಗ್ ಯಂತ್ರವಲ್ಲ ಇದು. ಜೆಲ್ ಹಚ್ಚಿ ಪುಟ್ಟ ಹಿಡಿಕೆಯನ್ನು ಗಂಟಿನ ಮೇಲೆ ನಿಲ್ಲಿಸದೆ ಆಡಿಸುತ್ತಾ ಶಬ್ದತರಂಗಗಳನ್ನು ಒಳಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಆಳಕ್ಕೆ ಇಳಿಯುವ 1 ಮೆಗಾಹರ್ಟ್ಸ್ ಬಳಸುತ್ತಾರೆ, ಗಂಟೊಂದಕ್ಕೆ ಸುಮಾರು 5 ನಿಮಿಷ, ದಿನಕ್ಕೊಮ್ಮೆ. ಹಿತವಾದ ಬೆಚ್ಚಗಿನ ಅನುಭವ ಬಿಟ್ಟು ಸುಟ್ಟಂತೆ, ಚುಚ್ಚಿದಂತೆ ಅನಿಸಿದರೆ ಕೂಡಲೇ ಹೇಳಿ. ಮೂರು ದಿನದಲ್ಲಿ ಗುಣ ಕಾಣದಿದ್ದರೆ ಅದನ್ನೇ ಮುಂದುವರಿಸುವುದಲ್ಲ, ವೈದ್ಯರು ಮತ್ತೆ ಪರೀಕ್ಷಿಸಬೇಕು.

ಜ್ವರ, ಮೈನಡುಕ 24 ಗಂಟೆ ದಾಟಿದರೆ, ಕೆಂಪು ಹರಡುತ್ತಿದ್ದರೆ, ಗಂಟು ಮೆತ್ತಗೆ ನೀರು ತುಂಬಿದಂತಾದರೆ, ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಅದು ಸೋಂಕು ಅಥವಾ ಕೀವು ಆಗಿರಬಹುದು. ಜ್ವರವಿಲ್ಲದೆಯೂ ಕೆಲವು ವಾರ ಕದಲದ ಗಂಟನ್ನು ಹಾಲಿನ ಗಂಟೆಂದು ಬಿಡಬೇಡಿ, ತೋರಿಸಿ.

ಹೊಟ್ಟೆ ಮತ್ತು ಪೆಲ್ವಿಕ್ ಫ್ಲೋರ್

ಬೆನ್ನಿಗೆ ಮುಂದಿನಿಂದ ಆಸರೆ ಕೊಡುವುದು ಹೊಟ್ಟೆ. ಅಲ್ಲಿ ಬಲವಿಲ್ಲದೆ ಭಂಗಿ ಎಷ್ಟು ತಿದ್ದಿದರೂ ಹತ್ತು ನಿಮಿಷಕ್ಕೆ ಕುಸಿಯುತ್ತದೆ. ಶುರು ಮಾಡಬೇಕಾದ್ದು ಉಸಿರಿನಿಂದ, ಅದನ್ನು ಹಾಲೂಡಿಸುತ್ತಲೇ ಮಾಡಬಹುದು. ಪಕ್ಕೆಲುಬುಗಳು ಪಕ್ಕಕ್ಕೆ ಅರಳುವಂತೆ ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆಳೆದುಕೊಳ್ಳಿ. 6 ಎಣಿಸುವಷ್ಟು ಹೊತ್ತು ಬಿಡುತ್ತಾ, ಮೂತ್ರ ಮತ್ತು ವಾಯುವನ್ನು ಒಟ್ಟಿಗೆ ತಡೆಹಿಡಿಯುವ ಹಾಗೆ ಕೆಳಗಿನ ಸ್ನಾಯುಗಳನ್ನು (ಇವೇ ಪೆಲ್ವಿಕ್ ಫ್ಲೋರ್) ಒಳಕ್ಕೆ, ಮೇಲಕ್ಕೆ ಎಳೆಯಿರಿ. ಹೊಟ್ಟೆಯ ಕೆಳಭಾಗ ತಾನಾಗಿ ತುಸು ಒಳಸರಿಯುತ್ತದೆ. ಪೃಷ್ಠ ಬಿಗಿದರೆ, ಉಸಿರು ಕಟ್ಟಿದರೆ ತಪ್ಪಾಗಿದೆ.

ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವವರು ಈ ಎಳೆತವನ್ನು ಸಲಕ್ಕೆ ಕನಿಷ್ಠ 8ರಂತೆ ದಿನಕ್ಕೆ 3 ಸಲ, 3 ತಿಂಗಳು ಬಿಡದೆ ಮಾಡಬೇಕು. ಎರಡು ವಾರ ಮಾಡಿ 'ಪ್ರಯೋಜನವಿಲ್ಲ' ಎಂದು ಬಿಡುವವರೇ ಹೆಚ್ಚು. ಸ್ನಾಯು ಬಲಿಯಲು ಅಷ್ಟು ಸಮಯ ಸಾಲದು. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುವ ತಪ್ಪೂ ಸಾಮಾನ್ಯ, ಅದಕ್ಕೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಕಡಿಮೆ ಇರುವುದರಿಂದ ಯೋನಿಯಲ್ಲಿ ಒಣಗಿದಂತಾಗಿ ಲೈಂಗಿಕ ಸಂಪರ್ಕದ ವೇಳೆ ನೋವಾಗಬಹುದು. ಇದನ್ನು ಹೇಳಿಕೊಳ್ಳಲು ಸಂಕೋಚ ಬೇಡ, ಚಿಕಿತ್ಸೆ ಇದೆ.

ಹೊಟ್ಟೆಯ ಎರಡು ಬದಿಯ ಸ್ನಾಯುಗಳು ನಡುಗೆರೆಯಲ್ಲಿ ಬಿಟ್ಟುಕೊಂಡಿವೆಯೇ ನೋಡಲು, ಮಂಡಿ ಮಡಚಿ ಅಂಗಾತ ಮಲಗಿ, ಬೆರಳುಗಳನ್ನು ಹೊಕ್ಕುಳ ಮೇಲೆ ಅಡ್ಡವಾಗಿಟ್ಟು ತಲೆ ಮಾತ್ರ ಎತ್ತಿ. ಎರಡು ಬೆರಳಿಗಿಂತ ಹೆಚ್ಚು ಅಗಲದ ಸಂದು ಸಿಕ್ಕರೆ, ಅಥವಾ ನಡುವೆ ದಿಬ್ಬದಂತೆ ಉಬ್ಬಿದರೆ, ಸಿಟ್‌ಅಪ್ ಮಾಡಬೇಡಿ. ಈ ಸಂದು ಮೊದಲ ಎಂಟು ವಾರಗಳಲ್ಲಿ ಬಹಳಷ್ಟು ತಾನಾಗಿಯೇ ಕೂಡುತ್ತದೆ. ಅಲ್ಲಿಯವರೆಗೆ ಹಾಸಿಗೆಯಿಂದ ಏಳುವಾಗ ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದರೆ ಸಾಕು.

ಸಿಸೇರಿಯನ್ ಗಾಯ ಪೂರ್ತಿ ಮಾಗಿದ ಮೇಲೆ, ಸುಮಾರು ಆರರಿಂದ ಎಂಟು ವಾರಕ್ಕೆ, ಕಲೆಯ ಮೇಲೆ ಎರಡು ಬೆರಳಿಟ್ಟು ಚರ್ಮವನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸಿ. ದಿನಕ್ಕೆ 5 ನಿಮಿಷ. ಅಂಟಿಕೊಂಡ ಕಲೆ ಮುಂಡವನ್ನು ಮುಂದಕ್ಕೆ ಬಾಗಿಸಿ ಹಿಡಿಯಬಲ್ಲದು. ಕಲೆ ಕೆಂಪಾದರೆ, ಒಸರಿದರೆ ಬಿಟ್ಟು ವೈದ್ಯರಿಗೆ ತೋರಿಸಿ.

ನಡಿಗೆ, ಹಗುರ ವ್ಯಾಯಾಮದಿಂದ ಹಾಲು ಕಡಿಮೆಯಾಗುವುದಿಲ್ಲ, ಕೆಡುವುದೂ ಇಲ್ಲ. ಕುಡಿಸಿ ಹೊರಟರೆ ಎದೆ ಹಗುರವಿರುತ್ತದೆ. ಓಟ, ಜಿಗಿತಕ್ಕೆ ಕನಿಷ್ಠ 12 ವಾರ ಕಾಯಿರಿ.

ಮಗುವಿನ ಕತ್ತನ್ನೂ ನೋಡಿ

ಮಗು ಒಂದು ಸ್ತನದಲ್ಲಿ ಚೆನ್ನಾಗಿ ಕುಡಿದು ಇನ್ನೊಂದರಲ್ಲಿ ಕಿರುಚಿ ಬಿಡುತ್ತದೆಯೇ? ಯಾವಾಗಲೂ ಒಂದೇ ಕಡೆ ಮುಖ ತಿರುಗಿಸಿ ಮಲಗುತ್ತದೆಯೇ? ತಲೆ ಒಂದು ಕಡೆ ವಾಲಿ ಗಲ್ಲ ಇನ್ನೊಂದು ಕಡೆ ತಿರುಗಿದ್ದರೆ ಕತ್ತಿನ ಪಕ್ಕದ ಸ್ನಾಯು ಬಿಗಿದಿರಬಹುದು. ಇದಕ್ಕೆ ಟಾರ್ಟಿಕಾಲಿಸ್ ಎನ್ನುತ್ತಾರೆ. ಮೊದಲ ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಬೇಗ ಗುಣವಾಗುತ್ತದೆ.

ಅಲ್ಲಿಯವರೆಗೆ ಒಂದು ಉಪಾಯವಿದೆ. ಮಗು ಒಪ್ಪುವ ಕಡೆ ಕುಡಿಸಿದ ಮೇಲೆ ಅದನ್ನು ತಿರುಗಿಸದೆ, ಮುಖ ಇದ್ದ ದಿಕ್ಕಿನಲ್ಲೇ ಇನ್ನೊಂದು ಸ್ತನಕ್ಕೆ ಜಾರಿಸಿ, ದೇಹವನ್ನು ಕಂಕುಳ ಕೆಳಗೆ ತನ್ನಿ. ಕತ್ತು ತಿರುಗಿಸಬೇಕಾಗಿಲ್ಲದ್ದರಿಂದ ಮಗು ಕುಡಿಯುತ್ತದೆ, ಆ ಸ್ತನ ಕಟ್ಟುವುದೂ ತಪ್ಪುತ್ತದೆ. ಎಚ್ಚರವಿರುವಾಗ ನಿಮ್ಮ ಎದೆಯ ಮೇಲೆ ಬೋರಲಾಗಿ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಮಲಗಿಸಿ. ಹಸುಗೂಸಿನ ಕತ್ತನ್ನು ಲಟಿಕೆ ಬರುವಂತೆ ತಿರುಗಿಸಲು ಯಾರಿಗೂ ಬಿಡಬೇಡಿ. ನಾಲಿಗೆ ಕೆಳಗಿನ ಪೊರೆ ಬಿಗಿದಿರುವುದೂ ಇಂಥದೇ ಲಕ್ಷಣ ತೋರಬಹುದಾದ್ದರಿಂದ ಮಕ್ಕಳ ವೈದ್ಯರು ಬಾಯನ್ನೂ ನೋಡಲಿ.

ಫಿಸಿಯೋಥೆರಪಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ್ದು

ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಎದೆನೋವು, ಏಕಾಏಕಿ ಏದುಸಿರು: ರಕ್ತ ಹೆಪ್ಪುಗಟ್ಟಿರಬಹುದು. ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಬಾರದಿರುವುದು: ಬೆನ್ನುಹುರಿಯ ಕೆಳಗಿನ ನರಗಳಿಗೆ ಒತ್ತು ಬಿದ್ದಿರಬಹುದು. ಹಾಲೂಡಿಸುವ ತಿಂಗಳುಗಳಲ್ಲಿ ಮೂಳೆಯ ಸಾಂದ್ರತೆ 3ರಿಂದ 5 ಶೇಕಡಾ ಇಳಿದು, ಹಾಲು ಬಿಡಿಸಿದ ಮೇಲೆ ತಾನೇ ಮರಳುತ್ತದೆ. ಅಪರೂಪಕ್ಕೆ ಅದು ಬೆನ್ನೆಲುಬು ಕುಸಿಯುವ ಮಟ್ಟಕ್ಕೂ ಹೋಗುತ್ತದೆ. ಹಾಗಾಗಿ ಸಣ್ಣ ಭಾರ ಎತ್ತಿದಾಗ ಬೆನ್ನಲ್ಲಿ ತಡೆಯಲಾರದ ನೋವು ಹೊಕ್ಕರೆ ಎಕ್ಸ್‌ರೇ ಬೇಕು, ವ್ಯಾಯಾಮವಲ್ಲ.

ಮೊದಲ ಭೇಟಿಗೆ

ಮಹಿಳೆಯರ ಆರೋಗ್ಯದಲ್ಲಿ ವಿಶೇಷ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅವರನ್ನೇ ಆರಿಸಿ. ಹೆರಿಗೆಯ ವಿವರ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಬರೆದಿಟ್ಟ ನೋವಿನ ಟಿಪ್ಪಣಿ ಜೊತೆಗಿರಲಿ. ಪೆಲ್ವಿಕ್ ಫ್ಲೋರ್‌ನ ಒಳಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಬೇಡವೆಂದರೂ ಉಳಿದ ಚಿಕಿತ್ಸೆ ನಡೆಯುತ್ತದೆ. ಮನೆಯಲ್ಲಿ ಕೂರುವ ಕುರ್ಚಿಯ ಫೋಟೋ ತೆಗೆದಿಟ್ಟುಕೊಳ್ಳಿ, ಬಳಸುವ ದಿಂಬನ್ನೂ ತನ್ನಿ, ಪಂಪ್ ಬಳಸುವವರು ಅದನ್ನೂ. ಮಗುವನ್ನು ಕರೆದುಕೊಂಡೇ ಬನ್ನಿ, ಸಾಧ್ಯವಾದರೆ ಅದಕ್ಕೆ ಹಸಿವಾಗುವ ಹೊತ್ತಿಗೇ ಸಮಯ ಕೇಳಿ. ಒಮ್ಮೆ ಕುಡಿಸುವುದನ್ನು ಪೂರ್ತಿ ಕಣ್ಣಾರೆ ಕಂಡರೆ ಅರ್ಧ ಗಂಟೆಯ ಪ್ರಶ್ನೋತ್ತರಕ್ಕಿಂತ ಹೆಚ್ಚು ತಿಳಿಯುತ್ತದೆ.